ಬ್ಯಾಟರಿಗೆ ಚಳಿಯಾಗುತ್ತದೆ

ಈ ಚಳಿಗಾಲ ಮುಗಿಯುವುದರೊಳಗೆ ಕೆರೆಯ ಮೇಲಿನ ಮಂಜನ್ನು ಸೆರೆಹಿಡಿದು, ನೋಡಿದವರೆಲ್ಲ ಕಣ್ಣುಬಾಯಿ ಬಿಡುವಂತೆ ಮಾಡದಿದ್ದರೆ ನನಗೆ ಬೇರೆ ಹೆಸರಿಡಿ ಎಂದು ಮನೆಯಲ್ಲಿ ಘೋಷಿಸಿದೆ. ಕ್ಯಾಮೆರಾ ವಿದ್ಯೆಯನ್ನು ನನಗೆ ಯಾರೂ ಕಲಿಸಿಲ್ಲ. ಅಂಕಣ ಬರೆಯುವುದನ್ನು ಮಾತ್ರ ಯಾರು ಕಲಿಸಿದ್ದರು? ಹಿಂದಿನ ವಾರವಷ್ಟೇ, ವಯಸ್ಸಾದ ತಂದೆತಾಯಿಯರನ್ನು ಕಡೆಗಣಿಸುವ ಮಕ್ಕಳ ಚರ್ಮ ಸುಲಿದು ಬರೆದಿದ್ದೆ. ಓದಿದವರು ಫೋನು ಮಾಡಿ ಬೆನ್ನು ತಟ್ಟಿದ್ದರು.

ಮೊದಲ ದಿನವೇ ಚಳಿಗೆ ಬ್ಯಾಟರಿ ಕೈಕೊಟ್ಟಿತು. ಅದನ್ನು ಬೆಚ್ಚಗಿಡಬೇಕಂತೆ. ಮನೆಯಲ್ಲಿ ಬೆಚ್ಚಗಿಡುವ ಸಾಧನ ಒಂದೇ: ಅಮ್ಮನ ಬಿಸಿನೀರಿನ ರಬ್ಬರ್ ಚೀಲ. ಅದರಿಂದ ಮಂಡಿಗೆ ಅರ್ಧ ಗಂಟೆ ಶಾಖ ಕೊಟ್ಟ ಮೇಲೇ ಅವಳು ಮಂಚದಿಂದ ಕಾಲಿಳಿಸುವುದು. ಅದೂ ನನಗೆ ಗೊತ್ತಿತ್ತು. ಅವಳು ಏಳುವುದರೊಳಗೆ ತಂದಿಟ್ಟರಾಯಿತು ಎಂದುಕೊಂಡು, ಮರುದಿನ ನಸುಕಿನಲ್ಲಿ ಚೀಲಕ್ಕೆ ಬಿಸಿನೀರು ತುಂಬಿಸಿ, ಎರಡು ಬ್ಯಾಟರಿಗಳನ್ನು ಅದಕ್ಕೊತ್ತಿ ಟವೆಲ್ಲು ಸುತ್ತಿ, ಹಸುಗೂಸಿನಂತೆ ಎದೆಗವಚಿಕೊಂಡು ಹೊರಟೆ.

ಮಂಜೆಂದರೆ ಮಂಜು. ಆಚೆ ದಡದ ಮರಗಳಿಗೆ ಬುಡವೇ ಇಲ್ಲ, ಬರೀ ತಲೆ. ಅಷ್ಟರಲ್ಲಿ ಹೆಂಡತಿಯ ಫೋನು.

"ಅತ್ತೇದು ಶಾಖದ ಚೀಲ ಕಾಣ್ತಿಲ್ಲ. ನೀವೇನಾದ್ರೂ ನೋಡಿದ್ರಾ?"

"ನಾನ್ಯಾಕೆ ನೋಡ್ಲಿ? ಅಲ್ಲೇ ಎಲ್ಲೋ ಇರತ್ತೆ. ಕಣ್ಬಿಟ್ಟು ಹುಡುಕು."

ಚೀಲ ನನ್ನ ಎದೆಯ ಮೇಲೆ ಬೆಚ್ಚಗೆ ಕೂತಿತ್ತು.

"ಅವರಿಗೆ ಏಳೋಕಾಗ್ತಿಲ್ಲ ಕಣ್ರೀ."

"ಬಂದೆ, ಹತ್ತೇ ನಿಮಿಷ."

ಸೂರ್ಯ ಇನ್ನೇನು ಬರುವುದರಲ್ಲಿದ್ದ. ನನ್ನ ಹತ್ತು ನಿಮಿಷ ಒಂದೂವರೆ ಗಂಟೆಯಾಯಿತು.

ಮನೆಗೆ ಬಂದರೆ ಕಪಾಟಿನ ಸಾಮಾನೆಲ್ಲ ನೆಲದ ಮೇಲೆ. ಹೆಂಡತಿ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ ಅಮ್ಮನ ಮಂಡಿಗೆ ಹಾಕುತ್ತಿದ್ದಳು. ಅವಳ ಅಂಗೈ ಕೆಂಪಾಗಿತ್ತು. ಮಂಚದ ಹಾಸು ಆಗಲೇ ಬದಲಾಗಿತ್ತು, ಹಳೆಯದು ಬಚ್ಚಲಲ್ಲಿ ನೆನೆದಿತ್ತು. ಯಾಕೆಂದು ಕೇಳುವ ಮುಖ ನನಗಿರಲಿಲ್ಲ.

ನನ್ನ ಎದೆಯ ಮೇಲಿನ ಗಂಟನ್ನು ನೋಡಿ ಹೆಂಡತಿ ಕೇಳಿದಳು. "ಏನದು?"

"ಅದೂ... ಬ್ಯಾಟರಿಗೆ ಚಳಿ ಆಗತ್ತೆ ಅಂತ..."

"ಪಾಪ. ಅದಕ್ಕೂ ವಯಸ್ಸಾಯ್ತಲ್ಲ."

ಬೈದಿದ್ದರೆ ವಾಸಿಯಿತ್ತು. ಅಂಕಣದಲ್ಲಿ ನಾನು ಸುಲಿದ ಚರ್ಮ ಯಾರದ್ದೆಂದು ಆಗ ಗೊತ್ತಾಯಿತು.

"ಬಿಡಮ್ಮ, ಅವನೂ ಚಳೀಲಿ ನಿಂತು ಬಂದಿದಾನೆ," ಎಂದು ಅಮ್ಮ ಕೈ ಚಾಚಿದಳು. "ಎಲ್ಲಿ, ತೋರಿಸೋ."

ತೋರಿಸಿದೆ. ಚಿತ್ರ ಅಮೋಘವಾಗಿತ್ತು, ಅದೇ ನನ್ನ ಸಂಕಟ. ಅಮ್ಮ ಕ್ಯಾಮೆರಾವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ಚೆನ್ನಾಗಿ ಬಂದಿದೆ ಕಣೋ," ಎಂದಳು. "ನೋಡಿದ್ರೇ ಮಂಡಿ ಹಿಡ್ಕೊಳತ್ತೆ."