ಅಜ್ಜನ ಕಾರಿಗೆ ನಾನು ವೈರು ಬದಲಿಸಿದ್ದು

ಮಕ್ಕಳೇ, ಅಜ್ಜನ ಕಾರನ್ನು ನಾನೇ ಕೆಡಿಸಿದೆ ಎಂದು ನಿಮ್ಮಪ್ಪ ಸಿಂಧನೂರಿನ ತುಂಬ ಹೇಳಿಕೊಂಡು ತಿರುಗುತ್ತಿರುವುದು ನನ್ನ ಕಿವಿಗೆ ಬಿದ್ದಿದೆ. ಎದುರಿಗೆ ನಿಂತು ವಾದ ಮಾಡುವುದು ನನಗೆ ಹುಟ್ಟಿದಾಗಿನಿಂದ ಬಂದಿಲ್ಲ. ಬರೆಯುವುದನ್ನು ಮಾತ್ರ ಹಳ್ಳಿ ಶಾಲೆಯ ಮಾಸ್ತರರು ಚೆನ್ನಾಗಿಯೇ ಕಲಿಸಿದ್ದಾರೆ. ಓದಿ, ತಪ್ಪು ಯಾರದೆಂದು ನೀವೇ ಹೇಳಿ.

ಆ ಕಾರನ್ನು ನಿಮ್ಮಜ್ಜ ಹಟ್ಟಿಯ ಗಣಿಯಲ್ಲಿ ಶಿಫ್ಟ್ ಕೆಲಸ ಮಾಡುತ್ತಿದ್ದಾಗ ಕೊಂಡದ್ದು. ಆಗಲೇ ಅದಕ್ಕೆ ಮುಪ್ಪು ಬಂದಿತ್ತು. ಅವರು ಹೋದ ಮೇಲೆ ಮಸ್ಕಿಯ ನಮ್ಮ ಅಂಗಳದಲ್ಲಿ ಬೇವಿನ ಮರದ ಕೆಳಗೆ ನಿಂತಿದೆ. ಒಳಗಿನ ವೈರನ್ನೆಲ್ಲ ಇಲಿಗಳು ಕಡಿದು ಹಾಕಿದ್ದವು. ನಿಮ್ಮಪ್ಪನಿಗೆ ಊರಿಗೆ ಬಂದಾಗ ತನ್ನ ಹೊಸ ಕಾರು ನಿಲ್ಲಿಸಲು ಅದೇ ನೆರಳು ಬೇಕಂತೆ.

"ಅಮಾಸಿ ಒಳಗ ಅದು ತಾನಾಗಿ ಗೇಟು ದಾಟಬೇಕು ಯವ್ವಾ. ಇಲ್ಲಂದ್ರ ಗುಜರಿಯವನ್ನ ಕರಕೊಂಡು ಬರ್ತೀನಿ," ಎಂದು ಹೇಳಿ ಹೋದ.

ಹೆತ್ತ ತಾಯಿಗೆ ಗಡುವು! ನಿಮ್ಮಜ್ಜನ ಪಕ್ಕದಲ್ಲಿ, ನಾಲ್ಕು ಜನ ನೋಡುವ ಹಾಗೆ ನಾನು ಕುಳಿತದ್ದು ಆ ಕಾರಿನಲ್ಲಿ ಮಾತ್ರ. ಅದನ್ನು ಗುಜರಿಗೆ ಬಿಟ್ಟುಕೊಡುವುದು ಸಾಧ್ಯವೇ ಇರಲಿಲ್ಲ.

ಸಿಂಧನೂರಿನಲ್ಲಿ ಗಾಡಿಗಳ ವೈರಿಂಗ್ ಮಾಡುವ ಮೆಹಬೂಬನಿಗೆ ಫೋನ್ ಮಾಡಿದೆ. ಟ್ರ್ಯಾಕ್ಟರುಗಳ ಕೆಲಸ ಮೈಮೇಲಿದೆ, ಹಳೆಯ ವೈರನ್ನು ಬಿಚ್ಚಿಟ್ಟಿದ್ದರೆ ಅರ್ಧ ದಿನದ ಮಟ್ಟಿಗೆ ಬರುತ್ತೇನೆ ಎಂದ. ಬಿಚ್ಚುವುದು ಏನು ಮಹಾ ವಿದ್ಯೆ? ಈ ಓಣಿಯ ಅರ್ಧ ಕೌದಿಗಳು ನನ್ನ ಕೈಯವು. ಅಷ್ಟೊಂದು ಬಟ್ಟೆ ತುಂಡುಗಳನ್ನು ಜಾಗ ತಪ್ಪದಂತೆ ಕೂಡಿಸಿದವಳಿಗೆ ನಾಲ್ಕು ವೈರು ಯಾವ ಲೆಕ್ಕ?

ಕೆಲಸಕ್ಕೆ ಮುನ್ನ ಬಾನೆಟ್ಟಿಗೆ ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಊದಿನಕಡ್ಡಿ ಬೆಳಗಿದೆ. ಚಕ್ರಕ್ಕೊಂದು ನಿಂಬೆಹಣ್ಣನ್ನೂ ಇಟ್ಟೆ. ಯಂತ್ರ ಮುಟ್ಟುವವರು ಯಾರಾದರೂ ಮಾಡುವುದೇ. ಆಮೇಲೆ ವೈರುಗಳ ತುದಿ ಬಿಚ್ಚತೊಡಗಿದೆ. ಧೂಳು ಕುಡಿದು ಎಲ್ಲಕ್ಕೂ ಒಂದೇ ಬಣ್ಣ ಬಂದಿತ್ತು. ಅದಕ್ಕೇ ಒಂದು ಉಪಾಯ ಹೂಡಿದೆ. ಹಳೆಯ ಸೀರೆ, ಕುಪ್ಪಸಗಳನ್ನು ಹರಿದು, ದೀಪದಿಂದ ಬಿಚ್ಚಿದ ವೈರಿಗೆ ಹಸಿರು ತುಂಡು ಕಟ್ಟಿದೆ, ದೀಪಕ್ಕೂ ಹಸಿರು ತುಂಡು ಕಟ್ಟಿದೆ. ಹಾರ್ನಿಗೆ ಹಳದಿ. ಬ್ರೇಕಿಗೆ ಕೆಂಪು. ಸಂಜೆಯ ಹೊತ್ತಿಗೆ ಕಾರಿನ ಮೈತುಂಬ ತುಂಡುಗಳು ಗಾಳಿಗೆ ಆಡುತ್ತಿದ್ದವು. ಫೋಟೊ ತೆಗೆದಿಟ್ಟುಕೊಳ್ಳಬಾರದಿತ್ತೇ ಎಂದು ನೀವು ಕೇಳುತ್ತೀರಿ. ತೆಗೆದಿದ್ದೆ! ಎಲ್ಲದರಲ್ಲೂ ನನ್ನ ಹೆಬ್ಬೆರಳು ಬಹಳ ಸ್ಪಷ್ಟವಾಗಿ ಬಂದಿದೆ.

ಹೊಸ ವೈರು ತರಲು ಲಿಂಗಸುಗೂರಿಗೆ ಹೋದೆ. ತಂಗಿ ಬಿಡಲಿಲ್ಲ, ಎರಡು ದಿನ ಉಳಿದೆ. ತಪ್ಪೆಂದರೆ ಅದೊಂದೇ.

ತಿರುಗಿ ಬಂದು ನೋಡುತ್ತೇನೆ, ಕಾರಿಗೆ ಸ್ಟೀರಿಂಗೇ ಕಾಣದಷ್ಟು ತುಂಡುಗಳು! ಕನ್ನಡಿಗೆ, ಕಿಟಕಿಗೆ, ಬಾಗಿಲ ಹಿಡಿಕೆಗೆ, ನಾನು ಕಷ್ಟಪಟ್ಟು ಗುರುತು ಹಾಕಿದ ಒಂದೊಂದು ವೈರಿಗೂ ನಾಲ್ಕು ನಾಲ್ಕು. ಬಂಪರಿನ ಮೇಲೆ ತೆಂಗಿನಕಾಯಿ ಒಡೆದು ಅದನ್ನು ಸೊಟ್ಟ ಮಾಡಿದ್ದರು. ಎದುರುಮನೆಯ ಶಾಂತಮ್ಮ ಬಾನೆಟ್ಟಿಗೆ ಹೂವು ಏರಿಸುತ್ತಿದ್ದಳು. ಇದೇನೆಂದು ಕೇಳಿದೆ.

"ನೀ ಹರಕಿ ಕಟ್ಟಿದ್ದು ನೋಡೇ ನಾನೂ ಕಟ್ಟಿದೆ ಬೇ," ಎಂದಳು. "ಕಳಕೊಂಡ ಎಮ್ಮಿ ಅವತ್ತ ಸಂಜೀಕ ಮನಿಗೆ ಬಂತು. ನಿನ್ನಂಥಾ ಬಾಯಿಲ್ಲದಾಕಿ ಸುಮ್ಮನ ಕಟ್ಟತಾಳೇನು?"

ಎಮ್ಮೆ ಹಸಿವಾಗಿ ಬಂದಿರುತ್ತದೆ! ಆದರೆ ಸುದ್ದಿ ಆಗಲೇ ಓಣಿ ದಾಟಿತ್ತು. ಅವಳ ನಾದಿನಿಯಂತೂ ಗೊರೇಬಾಳದಿಂದ ಆಟೋ ಮಾಡಿಕೊಂಡು ಬಂದು ಕಟ್ಟಿ ಹೋಗಿದ್ದಳು. ಇದು ಹರಕೆಯಲ್ಲ, ಹಾರ್ನಿನ ಗುರುತು ಎಂದು ನಾನು ಮೆಲ್ಲಗೆ ಹೇಳಿದೆ. ನನ್ನ ಮೆಲ್ಲಗಿನ ಮಾತನ್ನು ಈ ಓಣಿಯಲ್ಲಿ ಯಾರು ಕೇಳಿದ್ದಾರೆ?

ಸಿಟ್ಟಿನಿಂದ ಒಂದು ತುಂಡಿಗೆ ಕೈ ಹಾಕಿದೆ. ಅದು ತನ್ನ ಮಗಳು ಗೌರಿಯದು, ಪರೀಕ್ಷೆ ಬರೆಯುತ್ತಿದ್ದಾಳೆ ಎಂದಳು ಶಾಂತಮ್ಮ. ಕೈ ತೆಗೆದು ಇನ್ನೊಂದಕ್ಕೆ ಹಾಕಿದೆ. ಅದು ಮೂಲೆಮನೆಯ ಮುದುಕಿಯ ಕಣ್ಣಿನ ಆಪರೇಷನ್ನಿನದಂತೆ. ನನ್ನ ಕಾರಿನಲ್ಲಿ ಕೈ ಇಡಲು ನನಗೇ ಜಾಗವಿಲ್ಲ!

ಮರುದಿನ ಮೆಹಬೂಬ ಬಂದ. ನನ್ನ ತುಂಡುಗಳ ವಿಚಾರ ಕೇಳಿ ತಲೆ ಕೆರೆದುಕೊಂಡ.

"ಅವ್ವಾರ, ಹಳೇದರ ಗುರ್ತು ನನಗ್ಯಾಕ ಬೇಕ್ರಿ? ಬ್ಯಾಟ್ರಿಯಿಂದ ದೀಪಕ್ಕ ಹೊಸಾ ವೈರು ಎಳದ್ರ ಮುಗೀತು. ಹಳೇದು ಕತ್ತರಿಸಿ ಒಗ್ಯಾದು."

ಗುರುತೇ ಬೇಕಿರಲಿಲ್ಲ! ಫೋನಿನಲ್ಲಿ ಈ ಒಂದು ಮಾತು ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು? ಹೋಗಲಿ, ಕತ್ತರಿಸಪ್ಪ ಎಂದೆ. ಅವನು ಇಕ್ಕಳ ತೆಗೆದು ಬಗ್ಗಿದವನು, ಕಟ್ಟೆಯ ಮೇಲೆ ಸಾಲಾಗಿ ಕುಳಿತ ಹೆಂಗಸರನ್ನು ನೋಡಿ ಅದನ್ನು ಮತ್ತೆ ಚೀಲಕ್ಕೆ ಹಾಕಿದ.

"ನನ್ನ ಕೈಲೆ ಆಗಂಗಿಲ್ರಿ. ಮನ್ಯಾಗ ಹೆಣ್ತಿಗೆ ಒಂಬತ್ತು ತುಂಬ್ಯಾವ. ನೀವ ಬಿಚ್ಚಿ ಆಮ್ಯಾಲೆ ಕರೀರಿ."

ಚಹಾ ಕುಡಿದು, ಹೋಗುವಾಗ ಕಾರಿಗೊಂದು ಸಲಾಂ ಮಾಡಿ ಹೋದ.

ಅಮಾವಾಸ್ಯೆ ಬಂತು, ನಿಮ್ಮಪ್ಪನೂ ಬಂದ, ಜೊತೆಗೆ ಗುಜರಿಯವನು. ಗುಜರಿಯವನು ಕಾರಿಗೆ ನಿಧಾನವಾಗಿ ಒಂದು ಸುತ್ತು ಬಂದ. ಅಳತೆ ತೆಗೆಯುತ್ತಿದ್ದಾನೆ ಎಂದುಕೊಂಡೆ. ಎರಡನೇ ಸುತ್ತು ಬಂದ. ಮೂರನೆಯದಕ್ಕೆ ಕಾಲು ನೋಡಿದೆ, ಚಪ್ಪಲಿ ಗೇಟಿನಲ್ಲೇ ಬಿಟ್ಟಿದ್ದ. ಅದು ಪ್ರದಕ್ಷಿಣೆ!

"ಸಾಹೇಬ್ರ, ಇದನ್ನ ಒಡ್ಯಾಕ ನನಗ ಕೈ ಏಳಂಗಿಲ್ರಿ," ಎಂದು ಹೇಳಿ ಕೈಮುಗಿದು ಹೊರಟುಹೋದ.

ಕಾರು ಉಳಿಯಿತು. ನಿಮ್ಮಪ್ಪನ ಕಾರು ಇವತ್ತಿಗೂ ಬಿಸಿಲಿನಲ್ಲೇ ನಿಲ್ಲುತ್ತದೆ. ಓದಿದವಳಾಗಿ ಈ ಮೂಢನಂಬಿಕೆಯನ್ನು ನೀನಾದರೂ ನಿಲ್ಲಿಸಬಾರದಿತ್ತೇ ಎಂದು ಅವನು ನನ್ನ ಮೇಲೆ ಹರಿಹಾಯ್ದ. ನಾನು ಏನೆಂದು ಹೇಳಲಿ? ಹಿಂದಿನ ದಿನ ಮಧ್ಯಾಹ್ನ, ಓಣಿಯೆಲ್ಲ ಊಟ ಮಾಡಿ ಅಡ್ಡಾಗಿದ್ದಾಗ, ಇದು ಗುಜರಿಗೆ ಹೋಗದಿರಲಿ ಎಂದು ನಾನೂ ಒಂದು ತುಂಡು ಕಟ್ಟಿ ಬಂದಿದ್ದೆ.

ಹರಕೆ ಫಲಿಸಿದವರು ತಮ್ಮ ತುಂಡನ್ನು ತಾವೇ ಬಿಚ್ಚಿ ಕಾಯಿ ಒಡೆಯಬೇಕಂತೆ, ಶಾಂತಮ್ಮನ ಕಾನೂನು. ಕಾಯಿ ತಂದಿಟ್ಟು ಎಂಟು ದಿನವಾಯಿತು. ದಿನವೂ ಕಾರಿನ ಸುತ್ತ ತಿರುಗುತ್ತಿದ್ದೇನೆ. ನನ್ನ ತುಂಡು ಯಾವುದೆಂದು ಗುರುತೇ ಸಿಗುತ್ತಿಲ್ಲ!