ಮೂಲ ಹಾಡಿನ ವಾರಸುದಾರ

ನನಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಚೇರಿಗೆ ಇಂಗ್ಲಿಷ್ ಪತ್ರ ಬಂದರೆ ಅದನ್ನು ಪಕ್ಕದ ಟೇಬಲಿಗೆ ಸರಿಸಿ ಚಹಾ ಕುಡಿಯಲು ಎದ್ದು ಹೋಗುವವನು ನಾನು. ಆದರೆ ಇಂಗ್ಲಿಷ್ ಹಾಡಿನ ವಿಷಯ ಬೇರೆ. ಒಂದೇ ಒಂದು ಹಾಡಿನ ಮಟ್ಟಿಗೆ, ಜೋರಾಪುರ ಪೇಟೆಯಿಂದ ಬಬಲೇಶ್ವರದ ತನಕ ನನ್ನನ್ನು ಮೀರಿಸುವವರಿಲ್ಲ ಎಂಬ ಗರ್ವವನ್ನು ಸುಮಾರು ಮೂವತ್ತು ವರ್ಷ ಸಾಕಿಕೊಂಡು ಬಂದಿದ್ದೆ. ಮೀರಿಸುವವರು ಇರಲಿಲ್ಲ, ಏಕೆಂದರೆ ಆ ಹಾಡನ್ನು ಕೇಳಿದವರೇ ಇರಲಿಲ್ಲ.

ಅದೊಂದು ಹಾರ್ಡ್ ರಾಕ್ ತಂಡದ ವಿರಹಗೀತೆ. ಉಳಿದ ಹಾಡುಗಳಲ್ಲಿ ಡ್ರಮ್ಮು ಹರಿದುಹೋಗುವಂತೆ ಬಾರಿಸುವ ಆ ಉದ್ದಗೂದಲಿನವರು ಇದೊಂದರಲ್ಲಿ ಮಾತ್ರ ಮೆತ್ತಗಾಗಿ, ಬಿಟ್ಟು ಹೋದವಳನ್ನು ನೆನೆದು ಅಳುತ್ತಾರೆ. ಕಾಲೇಜಿನ ಕೊನೆಯ ವರ್ಷ ಹಾಸ್ಟೆಲಿನ ಗೆಳೆಯನೊಬ್ಬ ಊರಿಗೆ ಹೊರಟಾಗ ಟ್ರಂಕಿನಲ್ಲಿ ಜಾಗ ಸಾಲದೆ ಆ ಕ್ಯಾಸೆಟ್ ನನಗೆ ಕೊಟ್ಟ. ನಾನದನ್ನು ನಮ್ಮ ಹಳ್ಳಿ ಜೈನಾಪುರದ ಮನೆಗೆ ಒಯ್ದೆ. ಟೇಪ್ ರೆಕಾರ್ಡರ್ ಅಪ್ಪನದು. ಅದನ್ನು ಕೊಂಡದ್ದು ಭಜನೆ ಕೇಳಲು. ಅಪ್ಪನ ಭಜನೆ ಮುಗಿದ ಮೇಲೆ ನಾನದನ್ನು ಮಾಳಿಗೆಗೆ ಹೊತ್ತೊಯ್ದು, ಒಣಹಾಕಿದ ಮೆಣಸಿನಕಾಯಿಯ ಪಕ್ಕ ಕುಳಿತು ಹಾಡು ಕೇಳುತ್ತಿದ್ದೆ. ಬಾವಿಯ ತಳದಿಂದ ಬಂದಂಥ ಭಾರವಾದ ಗಂಡುದನಿ. ಎರಡು ಶಬ್ದಗಳ ನಡುವೆ ಎದ್ದು ಹೋಗಿ ನೀರು ಕುಡಿದು ಬರುವಷ್ಟು ಬಿಡುವು. ನನ್ನನ್ನು ಯಾರೂ ಬಿಟ್ಟು ಹೋಗಿರಲಿಲ್ಲ, ಬಿಟ್ಟು ಹೋಗಬೇಕಾದರೆ ಮೊದಲು ಯಾರಾದರೂ ಬರಬೇಕಲ್ಲ. ಆದರೂ ಕಣ್ಣು ಒದ್ದೆಯಾಗುತ್ತಿದ್ದವು. ಮೆಣಸಿನಕಾಯಿಯ ಘಾಟು ಇದ್ದೀತು ಎಂದು ನನ್ನ ತಮ್ಮ ಇಂದಿಗೂ ಹೇಳುತ್ತಾನೆ. ಅಂದಿನಿಂದ ಸ್ನಾನ ಮಾಡುವಾಗ ಅದೇ ಭಾರದ ದನಿಯಲ್ಲಿ ಹಾಡುತ್ತ ಬಂದಿದ್ದೇನೆ. ನನ್ನ ಹೆಂಡತಿ ಟಿಕೋಟಾದವಳು. ಮದುವೆಯಾದ ಹೊಸದರಲ್ಲಿ ಬಚ್ಚಲ ಬಾಗಿಲು ಬಡಿದು, ಹೊಟ್ಟೆ ನೋಯುತ್ತಿದೆಯೇ ಎಂದು ಕೇಳಿದ್ದಳು.

ಹೀಗಿರುವಾಗ, ಪಿಯುಸಿ ಓದುವ ಮಗಳು ಸ್ನೇಹಾ ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ ಇಂಗ್ಲಿಷ್ ಹಾಡು ಹೇಳುತ್ತೇನೆಂದು ಅಭ್ಯಾಸ ಶುರುಮಾಡಿದಳು. ಕೇಳಿದರೆ ನನ್ನ ಹಾಡೇ! ಆದರೆ ಯಾವಳೋ ಪಾಪ್ ಗಾಯಕಿ ಈಚೆಗೆ ಮತ್ತೆ ಹಾಡಿದ್ದಂತೆ. ಬಸ್ಸು ತಪ್ಪುವುದೇನೋ ಎಂಬಷ್ಟು ಅವಸರ, ಸಣ್ಣ ದನಿ. ಇದು ನಕಲು, ಮೂಲ ಹೀಗಿಲ್ಲ ಎಂದು ಒಂದು ಗಂಟೆ ಉಪದೇಶ ಮಾಡಿದೆ. ಮಗಳು ಜಗಳವಾಡಲಿಲ್ಲ, ಫೋನಿನಲ್ಲಿ ಮೂಲ ತಂಡದ್ದನ್ನೇ ಹುಡುಕಿ ಕೇಳಿಸಿದಳು. ಅದೂ ಹೆಚ್ಚುಕಡಿಮೆ ಅಷ್ಟೇ ಅವಸರ, ಅಷ್ಟೇ ಸಣ್ಣ ದನಿ. ಈಗಿನವರ ಅವಸರಕ್ಕೆ ತಕ್ಕಂತೆ ತಿದ್ದಿ ಫೋನಿಗೆ ಹಾಕಿದ್ದಾರೆ, ನಿಜವಾದದ್ದು ಕ್ಯಾಸೆಟ್ಟಿನಲ್ಲಿದೆ ಎಂದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಈ ನಕಲನ್ನು ಹಾಡುವುದಾದರೆ ನಾನು ಗ್ಯಾದರಿಂಗಿಗೆ ಬರುವುದಿಲ್ಲ ಎಂದುಬಿಟ್ಟೆ.

ಮಗಳು ಫೋನು ಕೆಳಗಿಟ್ಟಳು. "ನೀವು ಬರ್ಲಿಲ್ಲಂದ್ರ ನಾ ಯಾರ ಮುಂದ ಹಾಡ್ಲಿ ಅಪ್ಪಾಜಿ?" ಎಂದಳು.

ಆ ಕ್ಷಣವೇ ಸೋಲಬೇಕೆನಿಸಿತು. ಆದರೆ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಹೆಂಡತಿಯ ಎದುರಿಗೆ ಮಗಳಿಗೆ ಸೋಲುವುದು ಒಂದೇ ಪೆಟ್ಟಿಗೆ ಇಬ್ಬರಿಗೆ ಸೋತಂತೆ. ಹಾಗಾಗಿ ರವಿವಾರ ಸಾಕ್ಷಿ ತರಲು ಜೈನಾಪುರಕ್ಕೆ ಹೊರಟೆ. ಬಬಲೇಶ್ವರದಲ್ಲಿ ಬಸ್ಸಿಳಿದು ಟೇಪ್ ರೆಕಾರ್ಡರಿಗೆಂದು ನಾಲ್ಕು ಹೊಸ ಸೆಲ್ ಕೊಂಡೆ. ಮೂಲಕ್ಕೆ ಯಾವ ಕೊರತೆಯೂ ಆಗಬಾರದು ನೋಡಿ.

ತಮ್ಮನ ಮನೆಯಲ್ಲಿ ಅವ್ವ ಟೇಪ್ ರೆಕಾರ್ಡರನ್ನು ಅಪ್ಪನ ಹಳೆಯ ಧೋತರದಲ್ಲಿ ಸುತ್ತಿ ಜೋಪಾನ ಮಾಡಿದ್ದಳು. ಕ್ಯಾಸೆಟ್ಟೂ ಇತ್ತು. ಹೊಸ ಸೆಲ್ ಹಾಕಿ ಗುಂಡಿ ಒತ್ತಿದೆ. ಗೊರಗೊರ ಸದ್ದಿನ ನಡುವೆ ನನ್ನ ಬಾವಿಯ ತಳದ ಗಂಡಸು ಸಣ್ಣ ದನಿಯಲ್ಲಿ, ಬಸ್ಸು ತಪ್ಪುವವನಂತೆ, ಗಡಿಬಿಡಿಯಿಂದ ಅತ್ತು ಮುಗಿಸಿದ. ಮೂರು ಸಲ ಹಾಕಿದೆ, ಮೂರೂ ಸಲ ಹಾಗೇ ಅತ್ತ. ಟೇಪ್ ಕೆಟ್ಟಿದೆ ಎಂದೆ.

ಅವ್ವ ಶೇಂಗಾ ಸುಲಿಯುತ್ತ ಕುಳಿತಿದ್ದಳು, ತಲೆ ಎತ್ತಲಿಲ್ಲ. "ಕೆಟ್ಟಿಲ್ಲೋ ಯಪ್ಪಾ. ಹೊಸಾ ಸೆಲ್ ನಿಮ್ಮಪ್ಪನ ಭಜನಿಗೆ ಇರತಿದ್ವು. ನೀ ಸತ್ತ ಸೆಲ್ ಮಾಳಗಿ ಮ್ಯಾಲ ಬಿಸಲಿಗೆ ಒಣಗಿಸಿ ಹಾಕ್ತಿದ್ದಿ. ಅದಕ್ಕ ಹಂಗ ಎಳೀತಿತ್ತು," ಎಂದಳು.

ನೆನಪಾಯಿತು. ಮೆಣಸಿನಕಾಯಿಯ ಪಕ್ಕ ಸಾಲಾಗಿ ಮಲಗಿಸಿದ ನಾಲ್ಕು ಸೆಲ್ಲುಗಳು. ಬಿಸಿಲು ಉಂಡು ಒಂದು ಹಾಡಿಗಾಗುವಷ್ಟು ಜೀವ ಹಿಡಿಯುತ್ತಿದ್ದವು. ಮೂವತ್ತು ವರ್ಷ ನಾನು ಯಾವುದನ್ನು ಗಾಯಕನ ಎದೆಯ ಭಾರವೆಂದು ತಿಳಿದಿದ್ದೆನೋ ಅದು ಟೇಪನ್ನು ಸರಿಯಾದ ವೇಗಕ್ಕೆ ತಿರುಗಿಸಲಾರದ ಸೆಲ್ಲಿನ ನಿತ್ರಾಣ. ನಿಜ ಹೇಳುತ್ತೇನೆ, ನನಗೆ ದುಃಖವಾಯಿತು. ಬಿಟ್ಟು ಹೋಗಲು ನನಗೂ ಒಬ್ಬನಿದ್ದ, ಆ ಬಾವಿಯ ತಳದ ಗಂಡಸು, ಎಂದು ಗೊತ್ತಾದದ್ದು ಅಂದೇ.

ಮನೆಗೆ ಬಂದು, ಕ್ಯಾಸೆಟ್ ಇಲಿ ಕಡಿದಿದೆ, ನಿನ್ನ ಮನಸ್ಸಿಗೆ ಬಂದಂತೆ ಹಾಡು, ನಾನು ಬರುತ್ತೇನೆ ಎಂದೆ. ಮಗಳು ತಲೆಯಾಡಿಸಿದಳು. ಅವ್ವ ಅಷ್ಟರಲ್ಲೇ ಮೊಮ್ಮಗಳಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದ್ದಳೆಂದು ನನಗೇನು ಗೊತ್ತು?

ಗ್ಯಾದರಿಂಗಿನ ದಿನ ಹಿಂದಿನ ಸಾಲಿನಲ್ಲಿ ಹೆಂಡತಿಯ ಪಕ್ಕ ಕುಳಿತೆ. ಸ್ನೇಹಾ ಮೈಕಿನ ಮುಂದೆ ನಿಂತು ಕಣ್ಣು ಮುಚ್ಚಿ ಹಾಡತೊಡಗಿದಳು. ನಿಧಾನ, ತೀರ ನಿಧಾನ. ದನಿಯನ್ನು ಎಷ್ಟು ಸಾಧ್ಯವೋ ಅಷ್ಟು ಕೆಳಗಿಳಿಸಿ, ಶಬ್ದ ಶಬ್ದಕ್ಕೂ ನೀರು ಕುಡಿದು ಬರುವಷ್ಟು ಬಿಡುವು ಕೊಟ್ಟು. ಹುಟ್ಟಿದಾಗಿನಿಂದ ಬಚ್ಚಲ ಬಾಗಿಲಾಚೆಯಿಂದ ಕೇಳಿದ ನನ್ನ ಹಾಡನ್ನೇ ಹಾಡಿದಳು. ಇಡೀ ಸಭಾಂಗಣದಲ್ಲಿ ಆ ಹಾಡು ತಪ್ಪು ಎಂದು ತಿಳಿದವರು ನಾವಿಬ್ಬರೇ ಎಂದುಕೊಂಡೆ, ಹಾಡುವವಳು ಮತ್ತು ನಾನು. ಕಣ್ಣು ಒದ್ದೆಯಾದವು. ಹತ್ತಿರದಲ್ಲೆಲ್ಲೂ ಮೆಣಸಿನಕಾಯಿ ಇರಲಿಲ್ಲ.

ಚಪ್ಪಾಳೆ ಮುಗಿದ ಮೇಲೆ ಮುಂದಿನ ಕುರ್ಚಿಯ ಹಿರಿಯರೊಬ್ಬರು ಪಕ್ಕದವರಿಗೆ, ಹುಡುಗಿಯ ದನಿ ಚೆನ್ನಾಗಿದೆ, ಆದರೆ ಬಹಳ ಎಳೆದಳು, ತಮ್ಮ ಮೊಮ್ಮಗನ ಫೋನಿನಲ್ಲಿ ಇದು ಹೀಗಿಲ್ಲ ಎನ್ನುತ್ತಿದ್ದರು. ಹೆಂಡತಿ ನನ್ನ ತೋಳು ಹಿಡಿದಳು. ಅಷ್ಟರಲ್ಲಿ ನಾನು ಬಾಗಿ ಅವರ ಭುಜ ತಟ್ಟಿ ಆಗಿತ್ತು.

"ಫೋನಿನ್ಯಾಗ ಇರೂದು ನಕಲ್ರಿ ಸಾಹೇಬ್ರ," ಎಂದೆ. "ಮೂಲ ಹಾಡು ಹಿಂಗ ಐತಿ. ಕ್ಯಾಸೆಟ್ ಐತಿ ನನ್ನ ಕಡೆ."