ಗಾಲಿ ಬಿಚ್ಚಿದ ಮೇಲೆ

ಮುಗಿದ ಮೇಲೆ ಮಾಡಿದವನಿಗೂ ಕಾಣದ, ಮಾಡಿಸಿದವನಿಗೂ ಕಾಣದ ಕೆಲಸ ನನ್ನದು. ಇಂಥ ಉದ್ಯೋಗದಲ್ಲಿ ನಗೆಪಾಟಲಾಗದ ವಾರವೇ ಇಲ್ಲ. ಯಾವುದಾದರೂ ವಾರ ಏನೂ ಆಗಲಿಲ್ಲ ಅಂದರೆ ಆ ವಾರ ನಾನು ಬಾಗಿಲೇ ತೆಗೆದಿರಲಿಲ್ಲ ಅಂತ ಲೆಕ್ಕ.

ಸಾಗರದಲ್ಲಿ ನನ್ನದೊಂದು ಸಣ್ಣ ಶೆಡ್ಡು. ಕಾರನ್ನು ಎತ್ತಿ ನಿಲ್ಲಿಸಿ, ನಾಲ್ಕೂ ಗಾಲಿ ಬಿಚ್ಚಿ, ಗಾಲಿ ಕೂರುವ ಗೂಡನ್ನು ತೊಳೆದು ಒಣಗಿಸಿ, ಅದರೊಳಗೆ ರಬ್ಬರಿನಂಥ ಕಪ್ಪು ಕೋಟಿಂಗ್ ಸ್ಪ್ರೇ ಮಾಡುತ್ತೇನೆ. ನಮ್ಮ ಕಡೆಯ ಮಳೆ ಒಮ್ಮೆ ಹಿಡಿದರೆ ಬಿಡುವ ಪೈಕಿ ಅಲ್ಲ. ಕೆಸರು ಮೆತ್ತಿ, ಜಲ್ಲಿ ಸಿಡಿದು, ನಾಲ್ಕಾರು ಮಳೆಗಾಲದಲ್ಲಿ ತಗಡು ಹಪ್ಪಳದ ಹಾಗೆ ಮುರಿಯುತ್ತದೆ. ಕೋಟಿಂಗ್ ಇದ್ದರೆ ಆ ಚಿಂತೆ ಇಲ್ಲ. ಆದರೆ ಗಾಲಿ ವಾಪಸ್ ಹಾಕಿದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಫೋನ್ ಬಂದರೆ ಕಂಪ್ರೆಸರನ್ನು ಪಿಕಪ್‌ಗೆ ಹೇರಿಕೊಂಡು ಅವರ ಅಂಗಳಕ್ಕೇ ಹೋಗುತ್ತೇನೆ.

ಊರೆಲ್ಲ ಒಪ್ಪಿದ ಈ ಕೆಲಸವನ್ನು ನನ್ನ ಮಾವನವರು ಮಾತ್ರ ಒಪ್ಪಿರಲಿಲ್ಲ. ಮಾಸ್ತಿಕಟ್ಟೆ ಹತ್ತಿರ ಅವರ ಮನೆ. ಗದ್ದೆಯ ಜೊತೆಗೊಂದು ಅಕ್ಕಿ ಗಿರಣಿ ಇಟ್ಟುಕೊಂಡಿದ್ದಾರೆ. ಗಿರಣಿಗೆ ಸುರಿದ ಭತ್ತ ಅಕ್ಕಿಯಾಗಿ ಕಣ್ಣೆದುರಿಗೇ ಬೀಳುತ್ತದೆ. "ಕೆಲಸ ಅಂದ್ರೆ ಹಂಗಿರ್ಬೇಕು. ಇವ್ರು ಕಾರಿನ ಕಂಕುಳಿಗೆ ಬಣ್ಣ ಬಳೀತಾರಂತೆ" ಅಂತ ನೆಂಟರ ಮುಂದೆಲ್ಲ ಹೇಳುತ್ತಿದ್ದರು. ಎಲ್ಲರೂ ನಗುತ್ತಿದ್ದರು, ನಾನೂ ಹಲ್ಲು ಕಿರಿಯುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಒಳಗೊಳಗೇ ಸಂಕಟವಾಗುತ್ತಿತ್ತು. ಅವರ ಬಾಯಿಂದ ನನ್ನ ಕೆಲಸದ ಬಗ್ಗೆ ಒಂದು ಒಳ್ಳೆಯ ಮಾತು ಕೇಳಿಬಿಡಬೇಕು ಅನ್ನುವುದೊಂದೇ ಆಸೆ.

ಸೊಟ್ಟ ನಿಂತ ಕಾರು

ಹೆಗ್ಗೋಡಿನ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಕೋಟಿಂಗ್ ಮಾಡಿಸಿದ ಕಾರನ್ನು ಒಯ್ಯಲು ಬಂದರು. ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಬಗ್ಗಿದರು, ಎದ್ದರು.

"ಎಲ್ರೀ, ಏನೂ ಕಾಣ್ತಾನೇ ಇಲ್ವಲ್ಲ?"

"ಒಳಗಿದೆ ಸರ್."

"ಒಳಗಿದ್ರೆ ನಾಲ್ಕು ಜನಕ್ಕೆ ಗೊತ್ತಾಗೋದು ಹೆಂಗೆ?"

ನಾನು ಒಳಗೆ ಕೂತು ಸ್ಟೇರಿಂಗನ್ನು ಪೂರ್ತಿ ಒಂದು ಕಡೆ ತಿರುಗಿಸಿ ತೋರಿಸಿದೆ. ಮುಂದಿನ ಗಾಲಿ ಹೊರಗೆ ಹೊರಳಿ, ಗೂಡಿನ ಅರ್ಧ ಭಾಗ ಕರ್‍ರಗೆ ಮಿಂಚಿತು. ಮೇಷ್ಟ್ರ ಮುಖ ಅರಳಿತು.

ಆ ಭಾನುವಾರ ಸಾಗರದಲ್ಲೊಂದು ಮದುವೆ. ಮೇಷ್ಟ್ರು ಕಲ್ಯಾಣ ಮಂಟಪದ ಬಾಗಿಲೆದುರಿಗೇ ಕಾರು ನಿಲ್ಲಿಸಿ, ಸ್ಟೇರಿಂಗ್ ಪೂರ್ತಿ ತಿರುಗಿಸಿಟ್ಟು, ಹೆಗಲ ಮೇಲೆ ಶಾಲು ಹಾಕಿಕೊಂಡು ಪಕ್ಕದಲ್ಲಿ ನಿಂತರಂತೆ. ಬಂದವರೆಲ್ಲ "ಏನ್ ಮೇಷ್ಟ್ರೆ, ಗಾಲಿ ಸೊಟ್ಟ ಆಗಿದೆ? ಎಲ್ಲಿ ಗುದ್ದಿದ್ರಿ?" ಅಂತ ಕೇಳುವವರೇ. "ಗುದ್ದಿಲ್ಲ ಮಾರಾಯ್ರೆ, ಒಳಗೆ ನೋಡಿ" ಅಂದರೆ ಯಾರೂ ಒಳಗೆ ನೋಡಲಿಲ್ಲ. ಮೇಷ್ಟ್ರ ಮುಖವನ್ನೇ ಅಯ್ಯೋ ಪಾಪ ಅಂತ ನೋಡಿ ಊಟಕ್ಕೆ ನಡೆದರು. ಕೊನೆಗೆ ಅವರೂ ಬೇಸತ್ತು ಪಂಕ್ತಿಗೆ ಕೂತರು.

ಅಷ್ಟು ಹೊತ್ತಿಗೆ ಅವರ ಹಳೆಯ ಶಿಷ್ಯರಿಗೆ ಗುರುಭಕ್ತಿ ಉಕ್ಕಿತು. ಗಾಲಿ ಬಿಚ್ಚುವವನು ಅಂತ ನನ್ನ ನಂಬರು ಒಬ್ಬನ ಹತ್ತಿರ ಇತ್ತು. "ಅಣ್ಣಾ, ಬೇಗ ಬಾ. ನಮ್ಮ ಮೇಷ್ಟ್ರ ಕಾರಿನ ಗಾಲಿ ಹೋಗಿದೆ. ಪಾಯಸ ಮುಗ್ಸಿ ಬರೋದ್ರೊಳಗೆ ನೆಟ್ಟಗೆ ಮಾಡ್ಬೇಕು!"

ಬಿದ್ದಂಬೀಳ ಹೋದೆ. ಕಾರು ಗುರುತು ಸಿಕ್ಕಿತು, ಸಂಗತಿಯೂ ಅರ್ಥವಾಯಿತು. ಗೂಡಿಗೆ ಬಗ್ಗಿ ನಗು ತಡೆದುಕೊಳ್ಳುತ್ತಿದ್ದಾಗ ಮೇಷ್ಟ್ರು ಎಲೆಯಡಿಕೆ ಜಗಿಯುತ್ತ ಹೊರಗೆ ಬಂದರು. ನಾನು ಬಗ್ಗಿದ್ದನ್ನು ಕಂಡು ಅವರ ಕಣ್ಣು ಒದ್ದೆಯಾಯಿತು.

"ಅಬ್ಬ! ಕೊನೆಗೂ ಒಬ್ಬರಾದ್ರೂ ನೋಡಿದ್ರಲ್ಲ!"

ಜೀಪಿನ ಒಂದೆಲಗ

ಹೊಸನಗರದಿಂದ ಒಳಗೆ, ಅಡಿಕೆ ಬೆಳೆಯುವವರ ಮನೆಯ ಹಳೆಯ ಜೀಪು. ಮಳೆಗಾಲ ಪೂರ್ತಿ ಬಾವಿಕಟ್ಟೆಯ ಬದಿಯಲ್ಲೇ ನಿಂತಿತ್ತು. ಗಾಲಿ ಬಿಚ್ಚಿದೆ. ಗೂಡಿನ ಕೆಸರು ತುಂಬ ಹಸಿರೋ ಹಸಿರು. ನೆಲದಿಂದ ಹಬ್ಬಿಕೊಂಡು ಬಂದ ಒಂದೆಲಗ, ನಾವು ಬುದ್ಧಿ ಚುರುಕಾಗಲಿ ಅಂತ ಮಜ್ಜಿಗೆ ಹಾಕಿ ತಂಬುಳಿ ಮಾಡುತ್ತೇವಲ್ಲ, ಅದೇ ಸೊಪ್ಪು, ಜೀಪಿನೊಳಗೆ ಸಂಸಾರ ಹೂಡಿತ್ತು. ನೀರಿನ ಪೈಪು ಎತ್ತಿದೆ ಅಷ್ಟೆ, ಜಗಲಿಯಿಂದ ಮನೆಯ ಅಜ್ಜಿ ಕೂಗಿದರು.

"ತಡಿ ತಮಾ! ನೀರು ಬಿಡಡ! ಅದು ತಂಬ್ಳಿಗೆ ಆಗ್ತು!"

"ಅಜ್ಜೀ, ಇದು ಜೀಪಿನ ಕೆಸರಲ್ಲಿ ಬೆಳೆದಿದ್ದು."

"ಜೀಪಿಗೆ ಕೆಸರು ಎಲ್ಲಿಂದ ಬಂತು? ಗದ್ದೆ ಕೆಸರೇ ಅಲ್ದಾ? ಅದ್ರಲ್ಲಿ ಬೆಳೆದ ಅನ್ನ ಉಣ್ತಿಲ್ಯಾ ನೀನು?"

ನಾನು ಪೈಪು ಕೆಳಗಿಟ್ಟೆ. ಅಜ್ಜಿ ಮಣೆ ತಂದು ಹಾಕಿಕೊಂಡು, ಗೂಡಿನೊಳಗೆ ಕೈ ಹಾಕಿ ಒಂದೊಂದೇ ಎಲೆ ಚಿವುಟಿ ಮಡಿಲು ತುಂಬಿಕೊಂಡರು. ಮಧ್ಯಾಹ್ನ ಊಟಕ್ಕೆ ಅದೇ ತಂಬುಳಿ. ಮೊದಲು ಭಯಭಯದಿಂದ ನೆಕ್ಕಿದೆ, ಆಮೇಲೆ ಮತ್ತೆ ಬಡಿಸಿಕೊಂಡೆ. ಅಷ್ಟು ಚೆನ್ನಾಗಿತ್ತು.

ಊಟವಾಗಿ ಮೂರು ಗೂಡಿಗೆ ಕೋಟಿಂಗ್ ಮುಗಿಸಿ ನಾಲ್ಕನೆಯದಕ್ಕೆ ಸ್ಪ್ರೇ ಗನ್ ಹಿಡಿದಾಗ ಅಜ್ಜಿ ಪಕ್ಕದಲ್ಲಿ ಬಂದು ನಿಂತರು.

"ಇದು ಹೊಡೆದ್ಮೇಲೆ ಕೆಸರು ನಿಲ್ತಿಲ್ಯಾ?"

"ಮೊದಲಿನಂಗೆ ನಿಲ್ಲಲ್ಲ ಅಜ್ಜಿ."

"ಒಂದೆಲಗನೂ ಬತ್ತಿಲ್ಲೆ?"

"ಅದೆಲ್ಲಿ ಬರುತ್ತೆ?"

ಅಜ್ಜಿ ಸ್ವಲ್ಪ ಯೋಚಿಸಿ, ಜೀಪಿನ ಯಜಮಾನನಾದ ಮಗ ಹತ್ತಿರದಲ್ಲಿಲ್ಲ ಅಂತ ಖಾತ್ರಿ ಮಾಡಿಕೊಂಡು ಮೆಲ್ಲಗೆ ಹೇಳಿದರು. "ಹಂಗಾರೆ ಬಾವಿ ಬದಿದು ಒಂದು ಹಂಗೇ ಬಿಟ್ಬಿಡು ತಮಾ."

ನನ್ನ ಹೆಂಡತಿ ಈ ಕಥೆಯನ್ನು ತವರಿಗೆ ಫೋನ್ ಮಾಡಿ ಹೇಳಿದಳು. ಮಾವನವರ ಉತ್ತರ ನನಗೂ ಕೇಳಿಸಿತು. "ಸೊಪ್ಪಾದ್ರೂ ಕಣ್ಣಿಗೆ ಕಾಣುತ್ತೆ. ಅದನ್ನೇ ಮಾರಕ್ಕೆ ಹೇಳು."

ಮುಂದಿನ ಎರಡು

ತೀರ್ಥಹಳ್ಳಿಯ ಬಟ್ಟೆ ವ್ಯಾಪಾರಿಯೊಬ್ಬರು ಮನೆಗೆ ಕರೆಸಿ, "ಮುಂದಿನ ಎರಡು ಗಾಲಿಗೆ ಮಾತ್ರ ಹೊಡೀರಿ, ಸಾಕು" ಅಂದರು.

"ಹಿಂದಿನದು ತುಕ್ಕು ಹಿಡಿಯುತ್ತಲ್ಲ ಸರ್?"

"ಹಿಡೀಲಿ ಮಾರಾಯ್ರೆ. ಹಿಂದಿನ ಸೀಟಲ್ಲಿ ಕೂರೋದು ನಮ್ಮ ಅತ್ತೆ."

ಇಷ್ಟು ಹೇಳಿ ಅಂಗಡಿಗೆ ಹೋದರು. ಅವರ ಸ್ಕೂಟರ್ ಗೇಟು ದಾಟಿತೋ ಇಲ್ಲವೋ, ಅವರ ಹೆಂಡತಿ ಕಾಫಿ ಲೋಟ ಹಿಡಿದು ಬಂದರು. ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದರು ಅಂತ ಮುಖವೇ ಹೇಳುತ್ತಿತ್ತು.

"ಅಣ್ಣಾ, ಹಿಂದಿನ ಎರಡಕ್ಕೆ ಹೊಡೀರಿ. ಮುಂದಿನದು ಬೇಡ. ಮುಂದೆ ಕೂರೋದು ಅವರೊಬ್ಬರೇ."

ನಾನು ಇಬ್ಬರ ಮಾತನ್ನೂ ನಡೆಸಿದೆ. ಇವರ ಎರಡು, ಅವರ ಎರಡು, ನಾಲ್ಕೂ ಆಯಿತು.

ನಾಲ್ಕು ನಿಂಬೆಹಣ್ಣು

ಕಡೆಗೆ ಮಾವನವರೇ ಕಾರು ಕೊಂಡರು. ಹೊಚ್ಚಹೊಸದು, ಬಿಳಿ ಬಣ್ಣ. ನನ್ನ ಹೆಂಡತಿ ಹಟ ಹಿಡಿದಳು. "ಊರವರ ಕಾರಿಗೆಲ್ಲ ಮಾಡ್ತಾರೆ. ಅಪ್ಪಯ್ಯ, ನೀವು ಮಾಡ್ಸಲ್ಲ ಅಂದ್ರೆ ನಾನು ವಾಹನ ಪೂಜೆಗೆ ಬರಲ್ಲ." ಮಗಳ ಮಾತಿಗೆ ಅವರು ಸೋತರು. "ಆಯ್ತು, ಬಳೀಲಿ. ಆದ್ರೆ ನಾಳೆ ಹತ್ತು ಗಂಟೆ ಮುಹೂರ್ತಕ್ಕೆ ಕಾರು ರೆಡಿ ಇರ್ಬೇಕು."

ಅವತ್ತು ಮಧ್ಯಾಹ್ನವೇ ಅವರ ಅಂಗಳದಲ್ಲಿ ಕಾರನ್ನು ಸ್ಟ್ಯಾಂಡಿನ ಮೇಲೆ ಎತ್ತಿ ಗಾಲಿ ಬಿಚ್ಚಿದೆ. ಮೂರು ಗೂಡು ಮುತ್ತಿನಂತೆ ಮುಗಿಯಿತು. ನಾಲ್ಕನೆಯದಕ್ಕೆ ಕೈ ಹಾಕಿದ್ದೇ ತಡ, ಬಂತು ನೋಡಿ ಗಾಳಿ. ಎಲ್ಲೋ ಮರ ಬಿತ್ತು, ಕರೆಂಟು ಹೋಯಿತು, ಕಂಪ್ರೆಸರು ಕಣ್ಣು ಮುಚ್ಚಿತು. ನಮ್ಮ ಕಡೆ ಹಾಗೆ ಹೋದ ಕರೆಂಟು ಯಾವಾಗ ಬರುತ್ತದೆ ಅಂತ ಕೇಳುವುದು ದಡ್ಡತನ. ಮಾವನವರು ಪಂಚಾಂಗ ತೆಗೆದು ಮರುದಿನದ ಮುಹೂರ್ತವನ್ನು ಮತ್ತೊಮ್ಮೆ ನೋಡಿದರು. ಬೈದಿದ್ದರೆ ವಾಸಿ ಇತ್ತು.

ಮರುದಿನ ಮುಹೂರ್ತಕ್ಕೆ ಇನ್ನೇನು ಅನ್ನುವಾಗ ಕರೆಂಟು ಬಂತು. ಓಡಿ ಹೋಗಿ ಕೊನೆಯ ಗೂಡಿಗೆ ಸ್ಪ್ರೇ ಮಾಡಿದೆ. ಆದರೆ ಅದು ಒಣಗದೆ ಅಲ್ಲಿಗೆ ಗಾಲಿ ಹಾಕುವಂತಿಲ್ಲ, ಮೂರೇ ಗಾಲಿಯಲ್ಲಿ ಕಾರು ಓಡುವುದಿಲ್ಲ ಅಂತ ಉಳಿದವನ್ನೂ ಹಾಕಿರಲಿಲ್ಲ. ಅಷ್ಟರಲ್ಲಿ ಪೂಜೆಯ ಭಟ್ರು ಬಂದರು. ಅಂಗಳದಲ್ಲಿ ಹೂವಿನ ಹಾರ ಹಾಕಿಕೊಂಡ ಕಾರು ಗಾಳಿಯಲ್ಲಿ ನಿಂತಿದೆ, ಪಕ್ಕದಲ್ಲಿ ನಾಲ್ಕು ಗಾಲಿ ಗೋಡೆಗೊರಗಿ ಕೂತಿವೆ. ಮಾವನವರು ನನ್ನನ್ನು ಒಮ್ಮೆ ನೋಡಿದರು. ಆ ನೋಟಕ್ಕೆ ನಾನು ಕಾರಿನಡಿ ಹೋಗಿ ಮಲಗಿಬಿಡೋಣ ಅಂದುಕೊಂಡೆ.

"ಭಟ್ರೆ, ನಿಂಬೆಹಣ್ಣಿನ ಮೇಲೆ ಗಾಲಿ ಹತ್ತಿಸ್ಬೇಕಲ್ಲ. ಈಗ ಏನ್ ಗತಿ?" ಅಂದರು ಅತ್ತೆ.

ಭಟ್ರಿಗೆ ಹೊಸನಗರದಲ್ಲಿ ಇನ್ನೊಂದು ಪೂಜೆ, ಕಾಯುವಂತಿಲ್ಲ. ಗಾಲಿಗಳನ್ನು ನೋಡಿದರು, ನಿಂಬೆಹಣ್ಣುಗಳನ್ನು ನೋಡಿದರು. "ಗಾಲಿ ನಿಂಬೆಹಣ್ಣಿನ ಮೇಲೆ ಹೋಗ್ಬೇಕು ಅಂತ ಇರೋದು ಹೌದು. ಆವಾಗ ಕಾರು ಅದ್ರ ಮೇಲೆ ಇರ್ಲೇಬೇಕು ಅಂತ ಯಾರೂ ಹೇಳಿಲ್ಲ. ಉರುಳ್ಸಿ!"

ಅತ್ತೆಗೊಂದು ಗಾಲಿ, ಹೆಂಡತಿಗೊಂದು, ನನಗೊಂದು, ಮಾವನವರಿಗೊಂದು. ಎದುರಿಗೆ ಒಂದೊಂದು ನಿಂಬೆಹಣ್ಣು. ಭಟ್ರು ಗಂಟೆ ಬಾರಿಸಿದರು. ಅತ್ತೆಯ ಗಾಲಿ ನಿಂಬೆಹಣ್ಣನ್ನು ಬಳಸಿಕೊಂಡು ಹೋಗಿ ತುಳಸಿಕಟ್ಟೆಗೆ ನಮಸ್ಕಾರ ಮಾಡಿತು. ನನ್ನದೂ ಹೆಂಡತಿಯದೂ ಸರಿಯಾಗಿ ಹತ್ತಿ ಇಳಿದವು. ಮಾವನವರು ಮಾತ್ರ ಪಂಚೆ ಎತ್ತಿ ಕಟ್ಟಿ, ನನ್ನ ಮೇಲಿನ ಸಿಟ್ಟನ್ನೆಲ್ಲ ಕೈಗೆ ತಂದುಕೊಂಡು ದಬ್ಬಿದರು. ಗಾಲಿ ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿ, ಅಂಗಳ ದಾಟಿ, ತೆರೆದ ಗೇಟಿನಿಂದ ಆಚೆ ಇಳಿಜಾರಿಗೆ ಇಳಿಯಿತು.

"ಹಿಡೀರ್‍ರೋ!" ಅಂತ ಮಾವನವರು ಹಿಂದೆಯೇ ಓಡಿದರು. ಅವರ ಹಿಂದೆ ನಾನು. ನನ್ನ ಹಿಂದೆ, ಮಂಗಳಾರತಿ ತಟ್ಟೆ ಹಿಡಿದುಕೊಂಡು, ಭಟ್ರು.

ಇಳಿಜಾರಿನ ಬುಡದಲ್ಲಿ ರಸ್ತೆ, ರಸ್ತೆಗೆ ಅಂಟಿಕೊಂಡು ಟೀ ಅಂಗಡಿ. ಅಲ್ಲಿ ಮಾವನವರ ಗೆಳೆಯರ ಗುಂಪು ಕೂತಿತ್ತು. ಕಾರು ತಗೊಂಡೆ, ಪೂಜೆ ಮುಗಿಸಿ ಮೊದಲು ನಿಮ್ಮ ಹತ್ತಿರವೇ ಬರುತ್ತೇನೆ ಅಂತ ಮಾವನವರು ವಾರದಿಂದ ಅವರಿಗೆ ಹೇಳಿಕೊಂಡು ಬಂದಿದ್ದರು. ಗಾಲಿ ನೇರವಾಗಿ ಅಲ್ಲಿಗೇ ಹೋಗಿ, ಒಂದು ಸುತ್ತು ಹೊಡೆದು, ಬೆಂಚಿನ ಮುಂದೆ ಮಲಗಿತು. ಹಿಂದೆಯೇ ಏದುಸಿರು ಬಿಡುತ್ತ ಮಾವನವರು. ಗೆಳೆಯರು ಗಾಲಿಯನ್ನು ನೋಡಿದರು, ಅವರನ್ನು ನೋಡಿದರು.

"ಏನ್ ಗೌಡ್ರೆ, ಕಾರು ತಗೊಂಡೆ ಅಂದ್ರಿ?"

ಮಾವನವರು ಗಾಲಿಯ ಮೇಲೆ ಕಾಲಿಟ್ಟು, ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, ಎಳ್ಳಷ್ಟೂ ಅಳುಕದೆ ಹೇಳಿದರು. "ತಗೊಂಡಿದ್ದೀನಿ. ಇದು ಮುಂಚೆ ಬಂತು. ಉಳಿದಿದ್ದು ಹಿಂದಿಂದ ಬರುತ್ತೆ."

ಟೀ ಅಂಗಡಿ ಬಿದ್ದುಬಿದ್ದು ನಕ್ಕಿತು. ಮಾವನವರು ಒಂದು ಕ್ಷಣ ಬಿಗಿದುಕೊಂಡಿದ್ದು, ಆಮೇಲೆ ತಾವೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ನನಗೆ ಜೀವ ಬಂದ ಹಾಗಾಯಿತು. ಗೆಳೆಯರೆಲ್ಲ ಎದ್ದು ಗಾಲಿಯನ್ನು ಮೆರವಣಿಗೆಯಲ್ಲಿ ದಿಬ್ಬ ಹತ್ತಿಸಿದರು.

ಅಂಗಳದಲ್ಲಿ ಕಾರು ಕಂಡವರಿಗೆ ಸಹಜವಾಗಿ ಪ್ರಶ್ನೆ. ಹೊಸ ಕಾರಿನ ಗಾಲಿ ಯಾಕೆ ಬಿಚ್ಚಿದ್ದು? ರಿಪೇರಿಯಾ? ಮಾವನವರು ಗೆಳೆಯರ ಎದುರು ಸೋಲುವವರಲ್ಲ. "ರಿಪೇರಿ ಯಾಕೆ? ಒಳಗೆ ಕೋಟಿಂಗ್ ಕೊಡ್ಸಿದ್ದೀನಿ. ಹಿಂಗೆ ಬಿಚ್ಚಿಟ್ಟಾಗ್ಲೇ ಅದನ್ನ ನೋಡ್ಬೇಕು, ಆಮೇಲೆ ದೇವರಿಗೂ ಕಾಣಲ್ಲ. ಬಗ್ಗಿ ನೋಡ್ರಿ" ಅಂದರು.

ಅವರಲ್ಲಿ ಒಬ್ಬರದು ಪೂರ್ತಿ ಬೋಳುತಲೆ, ಬೆಳ್ಳಗೆ ಹೊಳೆಯುವಂಥದ್ದು. ಅವರು ಎಲ್ಲರಿಗಿಂತ ಮೊದಲು ಬಗ್ಗಿ, ಸರಿಯಾಗಿ ಆ ನಾಲ್ಕನೆಯ ಗೂಡಿನೊಳಗೇ ತಲೆ ತೂರಿಸಿದರು. "ಹಸಿ ಇದೆ, ಹಸಿ ಇದೆ" ಅಂತ ನಾನು ಕೂಗುವಷ್ಟರಲ್ಲಿ ತಲೆ ಮೇಲಕ್ಕೆ ತಾಗಿಯಾಗಿತ್ತು. ಹೊರಗೆ ಬಂದಾಗ ನಡುನೆತ್ತಿಯ ತುಂಬ ಹೊಸ ಕ್ರಾಪು ಬಿಟ್ಟವರಂತೆ ಕಪ್ಪು. ಪಾಪ, ಗಾಬರಿಯಿಂದ ಟವೆಲ್ ತೆಗೆದು ಗಸಗಸ ತಿಕ್ಕತೊಡಗಿದರು. ಮಾವನವರು ಹತ್ತಿರ ಹೋಗಿ ಅವರ ಕೈ ಹಿಡಿದು ನಿಲ್ಲಿಸಿದರು.

"ಸುಮ್ನೆ ಯಾಕೆ ತಿಕ್ತೀಯ ಮಾರಾಯ? ನಮ್ಮ ಅಳಿಯ ಹೊಡೆದಿದ್ದು, ಐದು ಮಳೆಗಾಲ ಹೋಗಲ್ಲ!"